ಇದರ ಗುರುತು ಏನಂದ್ರ

ಕಾಕಾರ ಮೂಗಿನ ಮೇಲೆ ಕನ್ನಡಕ ಕೊರೆದ ಎರಡು ಕುಳಿಗಳಿದ್ದವು. ಮುಖ ತೊಳೆದು ಬಂದರೆ ಅವುಗಳಲ್ಲಿ ನೀರು ನಿಂತಿರುತ್ತಿತ್ತು. ನಾವು ನಗುತ್ತಿದ್ದೆವು, ಅವರಿಗೆ ನಗುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಅವರು ನನ್ನ ತಂದೆಯ ತಮ್ಮ. ಹರೆಯದಲ್ಲಿ ಮುಂಬಯಿಯ ಬಣ್ಣದ ಕಂಪನಿಯೊಂದರಲ್ಲಿ ಜರ್ಮನ್ ಸಾಹೇಬರ ಕೈಕೆಳಗೆ ದುಡಿದು ಆ ಭಾಷೆ ಕಲಿತವರು. ಹುಮನಾಬಾದಿಗೆ ಮರಳಿದ ಮೇಲೂ ಮುಂಬಯಿಯ ವಕೀಲರೊಬ್ಬರು ಜರ್ಮನ್ ಪೇಟೆಂಟುಗಳನ್ನು ಟಪಾಲಿನಲ್ಲಿ ಕಳಿಸುತ್ತಿದ್ದರು. ಹೊಸ ಯಂತ್ರ ಕಂಡುಹಿಡಿದವನು ‘ಇದರ ಹಕ್ಕು ನನ್ನದು’ ಎಂದು ಸರಕಾರಕ್ಕೆ ಬರೆದುಕೊಟ್ಟ ಕಾಗದಗಳು. ಕಾಕಾ ಅವನ್ನು ಇಂಗ್ಲಿಷಿಗೆ ಇಳಿಸಬೇಕು. ಗಜದುದ್ದದ ಶಬ್ದಗಳು, ವಾಕ್ಯಕ್ಕೆ ಕ್ರಿಯಾಪದ ಸಿಗುವಷ್ಟರಲ್ಲಿ ಚಹಾ ಆರಿರುತ್ತಿತ್ತು. "ಸಾಕಾಗ್ಯಾದವ್ವಾ," ಎನ್ನುತ್ತಲೇ ಮತ್ತೆ ಟಾಕನ್ನು ಮಸಿಗೆ ಅದ್ದುತ್ತಿದ್ದರು.

ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನಾನು ತವರಿಗೆ ಬಂದಿದ್ದೆ. ಬಂದವರೆಲ್ಲ ಇಂಥವರ ಮಗಳು, ಇಂಥವರ ಸೊಸೆ, ಪಾಪ ಹೀಗಾಯಿತು ಎಂದು ನನ್ನೆದುರೇ ನನ್ನ ಪುರಾಣ ಓದುತ್ತಿದ್ದರು. ಒಂದು ಮಧ್ಯಾಹ್ನ ಕಾಕಾ ನನ್ನನ್ನು ಕರೆದು, ಹಾಳೆಯ ನಡುವಿನ ಒಂದು ಮಾತಿನ ಮೇಲೆ ಬೆರಳಿಟ್ಟರು.

"ಇದರ ಅರ್ಥ, ‘ಇದರ ಗುರುತು ಏನಂದ್ರ’ ಅಂತ. ಇದರ ಹಿಂದ ಬರೆದದ್ದೆಲ್ಲಾ ಮೊದಲೇ ಇದ್ದದ್ದು. ಗಾಲಿ ಅದ, ಗಾಲಿಗೆ ಹಲ್ಲು ಅದ, ಎಲ್ಲಾರಿಗೂ ಗೊತ್ತದ. ಹಕ್ಕು ಶುರು ಆಗೂದು ಇದರ ಮುಂದ."

"ಹಂಗಾರ ನನ್ನ ಕಾಗದದಾಗ ಇದರ ಮುಂದ ಏನದರಿ ಕಾಕಾ?" ಚೇಷ್ಟೆಗೆಂದು ಕೇಳಿದ್ದೆ. ಕೇಳಿ ಮುಗಿಸುವಷ್ಟರಲ್ಲಿ ಅದು ಚೇಷ್ಟೆಯಾಗಿ ಉಳಿದಿರಲಿಲ್ಲ.

"ಇನ್ನಾ ಬರೆದಿಲ್ಲ. ಕೂಡು, ಇಂಗ್ಲಿಷ್ ಕಲಿ."

ವರ್ಷಗಟ್ಟಲೆ ತೂಕಡಿಸುತ್ತಲೇ ಕಲಿಸಿದರು; ನಾನು ತಪ್ಪು ಓದಿದಾಗ ಮಾತ್ರ ಕಣ್ಣು ತೆರೆಯುತ್ತಿದ್ದರು. ಯುದ್ಧ ಶುರುವಾಗಿ ಜರ್ಮನ್ ಕಾಗದಗಳು ನಿಂತವು. ಹೊತ್ತ ಭಾರ ಇಳಿಸಿದ ಮೇಲೆ ಕಾಲು ಸೋತಂತೆ, ಕಾಕಾ ಹಾಸಿಗೆ ಹಿಡಿದರು.

ಹತ್ತಿರದ ಕಲ್ಯಾಣದ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಕಲಿಸುವ ಅಕ್ಕೋರು ಬೇಕೆಂಬ ಸುದ್ದಿ ಬಂದದ್ದು ಆಗ. ವಿಧವೆ ಮಗಳು ಪರವೂರಿನಲ್ಲಿ ದುಡಿಯುವುದೇ ಎಂದು ಅಪ್ಪ ಸಿಡುಕಿದರು.

"ಅಣ್ಣಾ, ಆಕಿ ಹೋಗಲಿ," ಎಂದರು ಕಾಕಾ ಮಲಗಿದಲ್ಲಿಂದಲೇ. "ನನಗ ವಾದ ಮಾಡೂ ತಾಕತ್ತಿಲ್ಲ."

ಅಪ್ಪ ಮುಖ ತಿರುಗಿಸಿಕೊಂಡೇ ನನ್ನನ್ನು ಕರೆದುಕೊಂಡು ಹೋದರು. ಶಾಲೆಯ ಹಿರಿಯರು "ಯಾರ ಪೈಕಿ ತಂಗಿ ನೀನು?" ಎಂದರು. ತವರು ಹೇಳಿದೆ, ಗಂಡನ ಮನೆ ಹೇಳಿದೆ. ಅವರ ಮುಖದಲ್ಲಿ ‘ಪಾಪ’ ಮೂಡತೊಡಗಿತು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. "ಇಂಗ್ಲಿಷ್ ಕಲಿಸ್ತೀನ್ರಿ," ಎಂದೆ.

ಕೆಲಸ ಸಿಕ್ಕ ಸುದ್ದಿ ಕೇಳಿ ಕಾಕಾ ನನ್ನ ಕೈ ಹಿಡಿದು ಮಲಗಿದರು. ಆ ಚಳಿಗಾಲ ದಾಟಲಿಲ್ಲ.

ಸಾವಿನ ಮನೆಗೆ ಮಾತನಾಡಿಸಲು ಬಂದ ಹೆಂಗಸೊಬ್ಬಳು ನನ್ನನ್ನು ನೋಡಿ, "ಇಂಥವರ ಸೊಸೆ ಅಲ್ಲೇನ್ರಿ ಈಕಿ? ಪಾಪ..." ಎಂದು ಶುರು ಮಾಡಿದಳು. ಅಪ್ಪ ನಡುವೆಯೇ ತಡೆದರು.

"ಕಲ್ಯಾಣದಾಗ ಸಾಲಿ ಅಕ್ಕೋರ ಅದಾಳ್ರಿ, ನನ್ನ ಮಗಳು."

ಅದನ್ನು ಕೇಳಲು ಕಾಕಾ ಇರಲಿಲ್ಲ.