ಕೈಕಟ್ಟು ಮೇಡಂ

ಮೇಡಂ ಅವರ ಮುತ್ತಜ್ಜ ಕಚೇರಿಯ ಜಗಲಿಯಲ್ಲಿ ಮಣೆ ಹಾಕಿಕೊಂಡು ಜನರ ಅರ್ಜಿ ಬರೆದವನು. ಬಾಯಿಲ್ಲದ ವಿಧವೆಯೊಬ್ಬಳ ಹೊಲವನ್ನು ಒಂದೂವರೆ ಪುಟದಲ್ಲಿ ಬಿಡಿಸಿಕೊಟ್ಟವನೆಂದು ಹೆಸರು. ಅವನ ಮಗ, ಅಂದರೆ ಅಜ್ಜ, ಜೈಲಿನಲ್ಲಿದ್ದ ಗಂಡಂದಿರಿಗೆ ಹೆಂಡತಿಯರ ಪರವಾಗಿ ಕಾಗದ ಬರೆದು, ಬಂದ ಉತ್ತರವನ್ನು ಓದಿ ಹೇಳಿ, ಅವರಿಗಿಂತ ಮೊದಲು ತಾನೇ ಅತ್ತವನು. ಅಪ್ಪ ಟೈಪ್ ಮೆಷಿನ್ನಿನ ಕಾಲದವನು. "ನೀನು ಹೇಳು, ಉಳಿದದ್ದು ನನಗೆ ಬಿಡು" ಎಂಬುದು ಮೂರು ತಲೆಮಾರಿನ ಮಾತು. ಈ ಮನೆಯ ಅರ್ಜಿ ಹಿಂದಕ್ಕೆ ಬಂದದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು.

ಆ ಕೈ ನೆಟ್ಟಗೆ ಮಗಳಿಗೆ, ಅಂದರೆ ಮೇಡಂಗೆ, ಇಳಿದು ಬಂತು. ಕಾಲೇಜಿನವರು ಮೆಟ್ಟಿಲ ಕೆಳಗಿನ ಕೋಣೆ ಗುಡಿಸಿ, ಮೇಜೊಂದು ಕುರ್ಚಿ ಮೂರು ಹಾಕಿ, 'ಬರವಣಿಗೆ ಕೇಂದ್ರ' ಎಂದು ಹಲಗೆ ಬಡಿದು ಅವರನ್ನು ಕೂರಿಸಿದರು.

ಮೊದಲ ವರ್ಷವೇ ಇಸ್ತ್ರಿ ಅಂಗಡಿಯ ಹುಡುಗಿಯೊಬ್ಬಳು ಬಂದಳು. ತೀರಿಹೋದ ತಾಯಿಯ ಬಗ್ಗೆ ಸ್ಪರ್ಧೆಗೆಂದು ನಾಲ್ಕು ಪುಟ ಬರೆದಿದ್ದಳು. ವಾಕ್ಯಗಳು ಕುಂಟುತ್ತಿದ್ದವು. ಮೇಡಂ ಕೆಂಪು ಪೆನ್ನು ಎತ್ತಿಕೊಂಡರು. ಒಂದು ಗಂಟೆಯಲ್ಲಿ ಲೇಖನ ತೊಳೆದ ಮುತ್ತಿನಂತಾಯಿತು. ತಾಯಿಗೆ ಮಡಿಲು ಬಂತು, ಜೋಗುಳ ಬಂತು. ಹಳೆಯ ಹಾಳೆಗಳು ಕಸದ ಬುಟ್ಟಿಗೆ ಹೋದವು. ಮೊದಲ ಬಹುಮಾನ.

ಎರಡು ವರ್ಷದ ಮೇಲೆ ಹುಡುಗಿ ಬಂದು ಅಂದು ಕೂತಿದ್ದ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತಳು.

"ಮೇಡಂ, ನಾನು ಮೊದಲು ಏನು ಬರೆದಿದ್ದೆ, ನೆನಪಿದ್ಯಾ?"

"ಯಾಕಮ್ಮಾ?"

"ಅಮ್ಮ ಅಂದ್ರೆ ಈಗ ನಿಮ್ಮ ಜೋಗುಳಾನೇ ಬರುತ್ತೆ. ನಮ್ಮಮ್ಮ ಯಾವತ್ತೂ ಹಾಡಿದವಳಲ್ಲ. ಅವಳು ಹೇಗಿದ್ಲು ಅಂತ ನಾನು ಸರಿಯಾಗಿ ಬರೆದಿದ್ದೆ, ಮೇಡಂ. ಅದೇ ಹೋಯ್ತು."

ಮೇಡಂ ತಲೆ ಕೆಡಿಸಿಕೊಂಡರು. ಕೊನೆಗೆ ಅರ್ಧ ವಾಕ್ಯ ಸಿಕ್ಕಿತು: "ಅಮ್ಮ ಬೈದರೆ ನಮಗೆ..." ಅದರ ಮೇಲೆ ಕೆಂಪು ಗೀಟು ಎಳೆದದ್ದು ಬೆರಳಿಗೆ ಚೆನ್ನಾಗಿ ನೆನಪಿತ್ತು. ಬೈದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಹುಡುಗಿ ಎದ್ದು ಹೋದಳು. ಮತ್ತೆ ಬರಲಿಲ್ಲ.

ಅಂದಿನಿಂದ ಮೇಡಂ ಮಕ್ಕಳ ಹಾಳೆ ಮುಟ್ಟಿಲ್ಲ. ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, "ಜೋರಾಗಿ ಓದು" ಎನ್ನುತ್ತಾರೆ. ಓದು ನಿಂತಲ್ಲಿ "ಆಮೇಲೆ?" ಎನ್ನುತ್ತಾರೆ. ಮಕ್ಕಳೇ ಎಡವಿ, ಮಕ್ಕಳೇ ತಿದ್ದಿಕೊಳ್ಳಬೇಕು. "ಕೈಕಟ್ಟು ಮೇಡಂ ಹತ್ರ ಹೋದ್ರೆ ನಮ್ಮ ತಪ್ಪು ನಮಗೇ ವಾಪಸ್ಸು" ಎಂದು ನಗುತ್ತ ಬರುವವರು ಬರುತ್ತಲೇ ಇದ್ದಾರೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮಾತ್ರ ಯಾರನ್ನೂ ಕೂರಿಸುವುದಿಲ್ಲ. ಕೋಣೆ ಖಾಲಿಯಾದ ಮಧ್ಯಾಹ್ನ ಅಲ್ಲಿಂದ ಮೆಲ್ಲಗೆ ಓದುವ ದನಿ ಏಳುತ್ತದೆ. "ಅಮ್ಮ ಬೈದರೆ ನಮಗೆ..." ಅಷ್ಟಕ್ಕೇ ನಿಲ್ಲುತ್ತದೆ. "ಆಮೇಲೆ?" ಎಂದು ಮೇಡಂ ಹನ್ನೊಂದು ವರ್ಷದಿಂದ ಕೇಳುತ್ತಿದ್ದಾರೆ.

ಈಗ ಪ್ರಿನ್ಸಿಪಾಲರಿಂದ ಚೀಟಿ ಬಂದಿದೆ. ಈ ಕೋಣೆಯ ಉದ್ದೇಶವೇನೆಂದು ಅರ್ಧ ಪುಟ ಬರೆದು ಸಂಜೆಯೊಳಗೆ ಕೊಡಬೇಕು. ಇಲ್ಲವಾದರೆ ಹಲಗೆ ಕಿತ್ತು, ಮುರಿದ ಬೆಂಚು ತುಂಬುತ್ತಾರೆ. ಮೇಡಂ ಬೆಳಗಿನಿಂದ ಪೆನ್ನು ಹಿಡಿದು ಕೂತು ಒಂದು ಸಾಲು ಬರೆದಿದ್ದರು: "ಇಲ್ಲಿ ಯಾರಿಗೂ ಬರೆದುಕೊಡುವುದಿಲ್ಲ." ಮುಂದಕ್ಕೆ ಹೋಗಲು ನೋಡಿದಾಗೆಲ್ಲ ಕುರ್ಚಿ ಓದತೊಡಗುತ್ತಿತ್ತು.

ಲೈಬ್ರರಿಯವನು ಕನ್ನಡಕ ಒರೆಸುತ್ತ ಒಳಗೆ ಬಂದು ಹಾಳೆಗೆ ಇಣುಕಿದ.

"ಅಕ್ಕಾ, ಇದನ್ನ ಕೊಟ್ರೆ ಪ್ರಿನ್ಸಿಪಾಲರು ನಾಳೆಯೇ ಬೆಂಚು ಹೊರಿಸ್ತಾರೆ. ಬರೆಯೋದಿಲ್ಲ ಅನ್ನೋಕೂ ಒಂದು ಕೇಂದ್ರ ಬೇಕಾ ಅಂತಾರೆ."

"ಅನ್ನಲಿ ಬಿಡು."

"ಹಟ ಬಿಡಕ್ಕಾ. ನಂಗೆ ಐದು ನಿಮಿಷದ ಕೆಲಸ. ಜ್ಞಾನ, ಅಭಿವ್ಯಕ್ತಿ, ಉಜ್ವಲ ಭವಿಷ್ಯ ಅಂತ ನಾಲ್ಕು ಮಾತು ಉದುರಿಸ್ತೀನಿ. ನೀನು ಮನಸ್ಸಲ್ಲಿರೋದು ಹೇಳು, ಉಳಿದದ್ದು ನನಗೆ ಬಿಡು."

ಮೇಡಂಗೆ ಅದು ಅಪ್ಪನ ಮಾತು, ಅಪ್ಪನದೇ ದನಿ ಎನಿಸಿತು. ಲೈಬ್ರರಿಯವನು ಕಿಟಕಿ ಪಕ್ಕದ ಕುರ್ಚಿ ಎಳೆದು, ಜೇಬಿನ ಪೆನ್ನಿನ ಕ್ಯಾಪು ತೆಗೆದಿದ್ದ. ಅವರು ಹಾಳೆಯ ಮೇಲೆ ಅಂಗೈ ಊರಿದರು.

"ಬೇಡ ಕಣೋ. ಆ ಕುರ್ಚೀಲಿ ಕೂರಬೇಡ, ಅಲ್ಲಿ ಜನ ಇದ್ದಾರೆ. ಈ ಕಡೆ ಬಾ. ಪೆನ್ನು ಜೇಬಿಗೆ ಹಾಕು. ಕೋಣೆ ಹೋದ್ರೆ ನನ್ನ ಮಾತಿಂದಲೇ ಹೋಗಲಿ, ನಿನ್ನ ಮಾತಿಂದ ಉಳಿಯೋದು ಬೇಡ. ನಾನು ಓದ್ತೀನಿ, ಕೈ ಕಟ್ಟಿ ಕೂತು ಕೇಳು. ನಿಂತ್ರೆ 'ಆಮೇಲೆ' ಅನ್ನು. ಅದಕ್ಕಿಂತ ಒಂದಕ್ಷರ ಜಾಸ್ತಿ ಸಹಾಯ ನಂಗೆ ಬೇಡ."