ಪಿಚ್ಚರ್ ಕಾಲು ನೋಡುವ ಕಂಡಕ್ಟರಮ್ಮ

ಬಸ್ಸಿನ ಕಂಡಕ್ಟರಮ್ಮನಿಗೆ ಜನರ ಮುಖಕ್ಕಿಂತ ಪಾದಗಳ ಪರಿಚಯವೇ ಹೆಚ್ಚು. ಇಪ್ಪತ್ತೆರಡು ವರ್ಷ ಹಿಂಬಾಗಿಲ ಬಳಿ ನಿಂತು, ಕೊನೆಯವರ ಎರಡೂ ಕಾಲು ಮೆಟ್ಟಿಲ ಮೇಲೆ ಬಂದದ್ದನ್ನು ನೋಡಿಯೇ ಸೀಟಿ ಊದಿದವಳು ಆಕೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಸರದಲ್ಲಿ ಊದಿದ ಒಂದು ಸೀಟಿಗೆ ಅಜ್ಜಿಯೊಬ್ಬರು ಬಿದ್ದು ಮೊಣಕಾಲು ಒಡೆದುಕೊಂಡಿದ್ದರು. ಅಜ್ಜಿ ಬಯ್ಯಲೂ ಇಲ್ಲ, “ಹೋಗ್ಲಿ ಬಿಡಮ್ಮ” ಎಂದುಬಿಟ್ಟರು. ಬೈದಿದ್ದರೆ ಎಂದೋ ಮರೆಯುತ್ತಿದ್ದಳೇನೋ.

ಡಿಪೋ ಹಿಂದೆಯೇ ಹುಡುಗಿಯರು ಸಾಫ್ಟ್‌ಬಾಲ್ ಆಡುವ ಮೈದಾನ. ಭಾನುವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಆಕೆ ಅಲ್ಲಿನ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದಳು. ಒಂದು ದಿನ ಉಬ್ಬಸದ ಹಿರಿಯ ಅಂಪೈರು ನೇರವಾಗಿ ಆಕೆಯ ಹತ್ತಿರ ಬಂದರು.

“ನನ್ನ ಜೊತೆಗಾರ ಕೈ ಕೊಟ್ಟ. ಸ್ವಲ್ಪ ಮೊದಲನೇ ಬೇಸ್ ಹತ್ರ ನಿಲ್ತೀರಾ?”

“ಅಯ್ಯೋ, ನಂಗೆ ಬಾಲ್ ಆಟ ಏನೂ ಗೊತ್ತಿಲ್ಲ ಸರ್.”

“ಬಾಲ್ ನೋಡೋಕೆ ನೂರು ಜನ ಇದಾರೆ. ನೀವು ಕಾಲು ನೋಡಿ.”

ಕಾಲು ಎಂದಮೇಲೆ ಆಕೆ ಇಲ್ಲವೆನ್ನಲು ಕಾರಣವೇ ಉಳಿಯಲಿಲ್ಲ. ಬಾಯಿ ಒರೆಸಿಕೊಂಡು ಎದ್ದಳು.

ಆಮೇಲಿನ ಭಾನುವಾರಗಳಲ್ಲಿ ಪಾಠ ನಡೆಯಿತು. ಪಿಚ್ಚರ್, ಅಂದರೆ ಚೆಂಡೆಸೆಯುವವಳು, ನೆಲದಲ್ಲಿ ಹೂತ ಬಿಳಿ ರಬ್ಬರ್ ಪಟ್ಟಿಯ ಮೇಲೆ ನಿಲ್ಲಬೇಕು. ಬಲಗೈಯವಳಾದರೆ ಎಡಗಾಲು ಮುಂದಕ್ಕೆ ಹೋಗುತ್ತದೆ, ಬಲಗಾಲು ಪಟ್ಟಿಯನ್ನು ಒದ್ದು ಹಿಂದೆಯೇ ನೆಲ ಉಜ್ಜುತ್ತಾ ಬರುತ್ತದೆ. “ಆ ಬಲಗಾಲು ಒಂದು ಗೇಣು ಮುಂದೆ ಹಾರಿ, ಅಲ್ಲಿ ಊರಿ, ಎರಡನೇ ಸಲ ಒದ್ದರೆ ಮೋಸ. ಕಂಡ ತಕ್ಷಣ ಎಡಗೈ ಚಾಚಿ,” ಎಂದರು ಹಿರಿಯರು. “ಕ್ರೋ ಹಾಪ್ ಅಂತಾರೆ. ಕಾಗೆ ಕುಪ್ಪಳಿಸೋ ಥರ. ಬೇಕಂತ ಮಾಡೋರು ಕಮ್ಮಿ. ಎಷ್ಟೋ ಮಕ್ಕಳಿಗೆ ತಾವು ಮಾಡ್ತಿದ್ದೀವಿ ಅಂತಾನೇ ಗೊತ್ತಿರಲ್ಲ. ಅನುಮಾನ ಬಂದ್ರೆ ಮಣ್ಣು ನೋಡಿ. ಉಜ್ಜಿದ ಕಾಲು ಗೆರೆ ಬಿಡುತ್ತೆ. ಹಾರಿ ಊರಿದ ಕಾಲು ಗುಣಿ ತೋಡುತ್ತೆ.”

ಎಂಟು ವರ್ಷ ಹಾಗೇ ಕಳೆಯಿತು. ಹಿರಿಯರು ಊರು ಬಿಟ್ಟು ಮಗಳ ಮನೆ ಸೇರಿದರು. ಹುಡುಗಿಯರು ಕಂಡಕ್ಟರಮ್ಮನಿಗೆ ‘ಕಾಲಕ್ಕ’ ಎಂದು ಹೆಸರಿಟ್ಟರು. ಆಕೆಗೂ ಅದು ಇಷ್ಟವೇ ಆಯಿತು.

ಆ ವರ್ಷದ ಫೈನಲಿಗೆ ಬಂದ ಒಂದು ತಂಡದ ಪಿಚ್ಚರ್ ಆಕೆಯ ತಮ್ಮನ ಮಗಳು. ಉದ್ದಕ್ಕೆ ಬೆಳೆದು ಸಣ್ಣಗಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ಕಡ್ಡಿ. ಕಂಡಕ್ಟರಮ್ಮ ತಾನು ನಿಲ್ಲುವುದಿಲ್ಲವೆಂದಳು. ಬೇರೆ ಅಂಪೈರು ಸಿಗಲಿಲ್ಲ. ಎದುರು ತಂಡದ ಕೋಚಮ್ಮನೇ ಬಂದು, “ನೀವೇ ನಿಲ್ಲಿ. ನಿಮ್ಮ ವಿಷಯ ನಮಗೆ ಗೊತ್ತಿಲ್ವಾ,” ಎಂದಾಗ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಕೊನೆಯ ಸುತ್ತು. ಕಡ್ಡಿಯ ತಂಡ ಒಂದು ರನ್ ಮುಂದಿತ್ತು. ಮೂರೂ ಬೇಸ್‌ಗಳಲ್ಲಿ, ಅಂದರೆ ರನ್ನಿಗಾಗಿ ಓಡುವ ಹಾದಿಯ ಮೂರೂ ಠಾಣೆಗಳಲ್ಲಿ, ಎದುರಾಳಿಗಳು ನಿಂತಿದ್ದರು. ಬ್ಯಾಟಿನವಳು ತಪ್ಪಿ ಇನ್ನೊಂದು ಸ್ಟ್ರೈಕ್ ಆದರೆ ಗೆಲುವು, ಎಸೆತವೇ ತಪ್ಪಿ ಇನ್ನೊಂದು ‘ಬಾಲ್’ ಆದರೆ ಒಂದು ರನ್ ನಡೆದುಕೊಂಡೇ ಬಂದು ಸರಿಸಮ. ಕಡ್ಡಿ ಹಲ್ಲು ಕಚ್ಚಿ ಎಸೆದಳು. ಬ್ಯಾಟು ಗಾಳಿ ಹೊಡೆಯಿತು. ಹುಡುಗಿಯರು ಕುಣಿಯುತ್ತಾ ಓಡಿಬಂದರು. ಬೆಂಚಿನ ಮೇಲೆ ತಮ್ಮ ಎದ್ದು ನಿಂತಿದ್ದ.

ಕಂಡಕ್ಟರಮ್ಮನ ಎಡಗೈ ಮಾತ್ರ ಚಾಚಿಕೊಂಡೇ ಇತ್ತು.

ಕಡ್ಡಿಯ ಬಲಗಾಲು ಹಾರಿತ್ತು. ಪಟ್ಟಿಯಿಂದ ಒಂದು ಗೇಣು ಮುಂದೆ ಊರಿ, ಮತ್ತೆ ಒದ್ದಿತ್ತು. ಆಕೆ ಹೋಗಿ ಮಣ್ಣು ನೋಡಿದಳು, ಗುಣಿ ಕಂಡಿತು. ಕೈ ಇಳಿಸಲಿಲ್ಲ. “ಅಕ್ರಮ ಎಸೆತ. ಬಾಲ್,” ಎಂದಳು.

ಒಂದು ರನ್ ಸೇರಿ ಸರಿಸಮವಾಯಿತು. ಕಡ್ಡಿ ಮುಂದಿನ ಚೆಂಡನ್ನು ಮೆಲ್ಲಗೆ ಎಸೆದಳು, ಅದು ಬ್ಯಾಟಿಗೆ ಸಿಕ್ಕಿ ಬೇಲಿ ದಾಟಿತು. ಎದುರು ತಂಡ ಗೆದ್ದಿತು.

ತಮ್ಮ ಮೂರು ವಾರ ಅಕ್ಕನ ಮನೆ ಕಡೆ ಸುಳಿಯಲಿಲ್ಲ, ಫೋನೂ ಎತ್ತಲಿಲ್ಲ. ಕಂಡಕ್ಟರಮ್ಮ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಹಾಕಿ ಗಂಡನ ಬಾಯಿ ಕೆಡಿಸಿದಳು. “ನಿನ್ನ ತಮ್ಮನ ಕೋಪ ನಾನು ತಿನ್ನಬೇಕಾ?” ಎಂದು ಅವನು ನೀರು ಕುಡಿದ.

ಮೊದಲು ಬಂದವಳು ಕಡ್ಡಿ. ಒಂದು ಸಂಜೆ ಬಸ್ಸು ಹತ್ತಿ, ಟಿಕೆಟ್ ತಗೊಂಡು, ಮುಖ ಊದಿಸಿಕೊಂಡು ಹಿಂಬಾಗಿಲ ಬಳಿಯೇ ಕೂತಳು. ಡಿಪೋ ತಲುಪಿ ಬಸ್ಸು ಖಾಲಿಯಾದ ಮೇಲೆ ಬಾಯಿ ಬಿಟ್ಟಳು.

“ಅತ್ತೆ, ನಿಜವಾಗ್ಲೂ ಹಾರಿದ್ನಾ?”

“ಹಾರಿದ್ದೆ ಕಣೇ.”

“ನಂಗೆ ಗೊತ್ತೇ ಆಗ್ಲಿಲ್ಲ.”

“ನಂಗೊತ್ತು. ಬಾ.”

ಇಬ್ಬರೂ ಡಿಪೋದ ಬಕೆಟ್ಟಿನಲ್ಲಿ ನೀರು ತಂದು ಮೈದಾನದ ಪಟ್ಟಿಯ ಮುಂದಿನ ಮಣ್ಣು ನೆನೆಸಿದರು. ಮೆಲ್ಲಗೆ ಎಸೆದಾಗ ಬೆರಳಗಲದ ಒಂದೇ ಗೆರೆ. ಜೋರಾಗಿ ಎಸೆದಾಗ ಗೆರೆಯೇ ಇಲ್ಲ, ಬೂಟಿನ ತುದಿ ತೋಡಿದ ಒಂದು ಗುಣಿ. ಕಡ್ಡಿ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು.

“ಥೂ, ಕಾಗೇನೇ,” ಎಂದಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕಡ್ಡಿಯೂ ನಕ್ಕಳು, ನಗುತ್ತಾ ಸ್ವಲ್ಪ ಅತ್ತಳು.

ಕಾಲು ತಿದ್ದಲು ಇಡೀ ವರ್ಷ ಹಿಡಿಯಿತು. ಮೊದಲು ವೇಗ ಹೋಯಿತು. ಕಂಡಕಂಡವರೆಲ್ಲ ಅವಳ ಚೆಂಡನ್ನು ಬಾರಿಸಿದರು. ವಾರಕ್ಕೆ ಮೂರು ಸಂಜೆ ಅತ್ತೆ ಯೂನಿಫಾರ್ಮಿನಲ್ಲೇ ಕುಕ್ಕರುಗಾಲಲ್ಲಿ ಕೂತು ಮಣ್ಣು ನೋಡಿ, “ಗೆರೆ... ಗೆರೆ... ಗುಣಿ,” ಎನ್ನುತ್ತಿದ್ದಳು.

ಒಂದು ಸಂಜೆ ತಮ್ಮನೂ ಬಂದು ಪಕ್ಕದಲ್ಲಿ ನಿಂತ. ಬಹಳ ಹೊತ್ತು ಮಗಳನ್ನೇ ನೋಡಿ, “ಅಕ್ಕ, ಅವತ್ತು ಒಂದು ಸಲ ನೋಡದ ಹಾಗೆ ಇದ್ದುಬಿಟ್ಟಿದ್ರೆ?” ಎಂದ.

“ಆ ಕಡೆ ಹುಡುಗಿ ಸುಮ್ಮಸುಮ್ಮನೆ ಔಟಾಗ್ತಿದ್ಲು. ಅವಳಪ್ಪಾನೂ ಎಲ್ಲೋ ಬೆಂಚ್ ಮೇಲೆ ಕೂತಿದ್ದ ಕಣೋ.”

ಅಕ್ಕ ಮೊಣಕಾಲು ಹಿಡಿದುಕೊಂಡು ಏಳಲು ಒದ್ದಾಡುವುದು ಕಂಡು ತಮ್ಮ ಕೈ ನೀಡಿದ. ಎದ್ದ ಮೇಲೂ ಆಕೆ ಆ ಕೈ ಬಿಡಲಿಲ್ಲ.

ಮರುವರ್ಷ ಕಡ್ಡಿಯ ತಂಡ ಮೂರನೇ ಸ್ಥಾನಕ್ಕೆ ಬಂತು. ಕಪ್ ಸಿಗಲಿಲ್ಲ. ಅವಳು ಎಸೆದ ಒಂದು ಚೆಂಡಿಗೂ ಯಾರ ಎಡಗೈಯೂ ಮೇಲೇಳಲಿಲ್ಲ. ತಮ್ಮ ಅದನ್ನು ಸಿಕ್ಕಸಿಕ್ಕವರಿಗೆಲ್ಲ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ. ಕಂಡಕ್ಟರಮ್ಮ ಹಿಂಬಾಗಿಲಿನಿಂದ, “ಸಾಕು ಸುಮ್ನಿರೋ, ಅವರು ಇಳಿಬೇಕು,” ಎಂದು ಗದರಿದಳು. ಗದರುವಾಗ ಮುಖ ತುಂಬ ನಗು.