ಅಪ್ಪನ ಹತ್ತು ಮಣಿ

ಇವತ್ತು ಸಂಜೆ ಬನಹಟ್ಟಿಯಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನ ನನಗೆ ಹಳೆಯ ಪರಿಚಯ.

ನಾನು ಚಿಕ್ಕವಳಿದ್ದಾಗ ಇಡೀ ಓಣಿಗೆ ನಮ್ಮದೊಂದೇ ಕ್ರೈಸ್ತರ ಮನೆ. ದೀಪ ಹಚ್ಚುವ ಹೊತ್ತಿಗೆ ಮರಿಯಮ್ಮನವರ ಪಟದ ಮುಂದೆ ಕೂತು ಎಲ್ಲರೂ ಜಪಸರ ಹೇಳುತ್ತಿದ್ದೆವು. ಹತ್ತು ಹತ್ತು ಮಣಿಗಳ ಐದು ಸುತ್ತು, ಮಣಿಗೊಂದು ಪ್ರಾರ್ಥನೆ. ಅಜ್ಜಿ, ಅಣ್ಣ ಸೇರಿ ಮನೆಯಲ್ಲಿ ನಾವೂ ಐದೇ ಜನ. ಒಬ್ಬೊಬ್ಬರಿಗೆ ಒಂದು ಸುತ್ತು, ಮೊದಲನೆಯದು ಅಪ್ಪನದು.

ಅಪ್ಪ ಮಗ್ಗದ ಕೆಲಸಕ್ಕೆ ಇಚಲಕರಂಜಿಗೆ ಹೋದ ಮೇಲೂ ಅವ್ವ ಆ ಸುತ್ತನ್ನು ಯಾರಿಗೂ ಕೊಡಲಿಲ್ಲ.

"ಅದು ನಿಮ್ಮಪ್ಪಂದು. ಅಲ್ಲಿ ಅವರು ಹೇಳಾಕತ್ತಿರ್ತಾರ, ಸುಮ್ಕ ಕೂಡ್ರಿ" ಅನ್ನುತ್ತಿದ್ದಳು.

ಅವಳ ಬೆರಳು ಮಾತ್ರ ಒಂದೊಂದೇ ಮಣಿ ಸರಿಸುತ್ತಿತ್ತು. ಹತ್ತೂ ಮುಗಿಯುವವರೆಗೆ ನಾವು ಪಿಟ್ಟೆನ್ನುತ್ತಿರಲಿಲ್ಲ.

ಅಪ್ಪ ಊರಿಗೆ ಬಂದಾಗ ಒಮ್ಮೆ ಹಿತ್ತಲಲ್ಲಿ ಕೇಳಿದೆ: "ಅಪ್ಪಾ, ಅಲ್ಲಿ ನಿನ್ನ ಹತ್ತು ಮಣಿ ಖರೇನ ಹೇಳ್ತಿಯೇನು?"

ಅಪ್ಪ ಉಗುರಿನ ಸಂದಿಯ ಎಣ್ಣೆಗಪ್ಪನ್ನು ಉಜ್ಜುತ್ತ ಕೂತ. "ಆ ಹೊತ್ತಿನ್ಯಾಗ ನಾಕು ಮಗ್ಗ ನೋಡ್ಕೋಬೇಕವ್ವಾ. ನೆನಪ ಆಗೂದಿಲ್ಲ. ನಿಮ್ಮವ್ವಗ ಹೇಳಬ್ಯಾಡ."

ನಾನು ಹೇಳಲಿಲ್ಲ. ಅವನು ಮತ್ತೆ ಕೆಲಸಕ್ಕೆ ಹೋದ ಮೇಲೆ ಆ ಹತ್ತು ಮಣಿ ಬಹಳ ಉದ್ದವಾದವು.

ಈಗ ನನ್ನ ಗಂಡ ದುಡಿಯುವುದು ಪುಣೆಯಲ್ಲಿ. ಪಟದ ಮುಂದೆ ನಾನೊಬ್ಬಳೇ. ಮೊದಲ ಸುತ್ತು ಅವರದೆಂದು ಸುಮ್ಮನೆ ಮಣಿ ಸರಿಸುತ್ತೇನೆ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಅದೊಂದನ್ನು ಮಾತ್ರ ನಾನು ಕೇಳುವುದಿಲ್ಲ.